ಜಲಪಾತದ ಜೀರುಂಡೆ

ಗ್ರೂವೆಲ್ಲಿನಸ್ ಲಿಯೊನಾರ್ಡೊಡಿಕ್ಯಾಪ್ರಿಯೊಯಿ ಸುಮಾರು 3 ಮಿಲಿಮೀಟರ್ ಉದ್ದದ ಕಪ್ಪು ಜೀರುಂಡೆ. ಬೋರ್ನಿಯೊ ದ್ವೀಪದಲ್ಲಿ, ಮಲೇಷ್ಯಾದ ಸಬಾ ರಾಜ್ಯಕ್ಕೆ ಸೇರಿದ ಮಲಿಯಾವ್ ಕಣಿವೆಯ ಜಲಪಾತವೊಂದರ ಬಳಿ, ಸುಮಾರು 900 ಮೀಟರ್ ಎತ್ತರದಲ್ಲಿ ಇದು ಪತ್ತೆಯಾಯಿತು. ಹುಡುಕಿದ ತಂಡದಲ್ಲಿ ವಿಜ್ಞಾನಿಗಳ ಜೊತೆ ಹವ್ಯಾಸಿಗಳೂ ಇದ್ದರು. ಹೆಂಡ್ರಿಕ್ ಫ್ರೈಟಾಗ್ ಮತ್ತು ಸಂಗಡಿಗರು 2018ರಲ್ಲಿ ‘ಝೂಕೀಸ್’ ಪತ್ರಿಕೆಯಲ್ಲಿ ಇದನ್ನು ವರ್ಣಿಸಿದರು. ಅದೇ ಲೇಖನದಲ್ಲಿ ಇನ್ನೂ ಎರಡು ಹೊಸ ಪ್ರಭೇದಗಳಿದ್ದವು. ಹಾಲಿವುಡ್ ನಟನ ಹೆಸರು ಹೊತ್ತ ಇದೇ ಹೆಚ್ಚು ಸುದ್ದಿಯಾಯಿತು. ಆದರೆ ಇದರ ನಿಜವಾದ ವಿಶೇಷವಿರುವುದು ಹೆಸರಿನಲ್ಲಲ್ಲ, ಉಸಿರಾಟದಲ್ಲಿ.

ಇದು ಎಲ್ಮಿಡೇ ಕುಟುಂಬದ ಕೀಟ. ಈ ಕುಟುಂಬದ ಪ್ರೌಢ ಜೀರುಂಡೆಗಳಿಗೆ ಈಜು ಬಾರದು. ಉದ್ದ ಕಾಲುಗಳ ತುದಿಯ ಗಟ್ಟಿ ಕೊಕ್ಕೆಯುಗುರುಗಳಿಂದ ಕಲ್ಲು, ಪಾಚಿ, ಕೊಳೆತ ಕಟ್ಟಿಗೆಗಳನ್ನು ಹಿಡಿದು ರಭಸದ ನೀರಿನಲ್ಲೇ ತೆವಳುತ್ತವೆ. ಉಸಿರಿಗಾಗಿ ಮೇಲೆ ಬರುವ ಅಗತ್ಯವೂ ಇಲ್ಲ.

ನೀರಿನೊಳಗೆ ಗಾಳಿಗುಳ್ಳೆ ಒಯ್ಯುವ ಕೀಟಗಳು ಹಲವು. ಕೀಟ ಆಮ್ಲಜನಕ ಬಳಸಿದಂತೆ ಸುತ್ತಲ ನೀರಿನಿಂದ ಅದು ಗುಳ್ಳೆಗೆ ಮತ್ತೆ ಸೇರುತ್ತದೆ. ಆದರೆ ಸಾರಜನಕ ಮೆಲ್ಲನೆ ನೀರಿನಲ್ಲಿ ಕರಗಿಹೋಗುವುದರಿಂದ ಗುಳ್ಳೆ ಕುಗ್ಗುತ್ತದೆ. ಎಲ್ಮಿಡೇ ಜೀರುಂಡೆಯ ಮೈಯ ಕೆಲವು ಭಾಗಗಳಲ್ಲಿ ನೀರಿಗೆ ನೆನೆಯದ ಅತಿಸೂಕ್ಷ್ಮ ರೋಮಗಳು ಒತ್ತಾಗಿ ಹಬ್ಬಿವೆ. ಕೆಸುವಿನ ಎಲೆಯ ಮೇಲೆ ಹನಿ ಅಂಟದಂತೆ ಇವುಗಳ ನಡುವೆಯೂ ನೀರು ನುಗ್ಗದು. ಹೀಗಾಗಿ ಅಲ್ಲಿ ಸಿಲುಕಿದ ತೆಳು ಗಾಳಿಪದರ ಕುಗ್ಗದೆ ಉಳಿದು, ಕಿವಿರಿನಂತೆ ಕೆಲಸ ಮಾಡುತ್ತದೆ. ಇದರ ಹೆಸರು ಪ್ಲಾಸ್ಟ್ರಾನ್. ಇದರ ಭೌತಿಕ ಗುಟ್ಟನ್ನು ವಿಲಿಯಂ ಥಾರ್ಪ್ ಮತ್ತು ಡೆನ್ನಿಸ್ ಕ್ರಿಸ್ಪ್ 1947ರಲ್ಲಿ ಅಫೆಲೊಕೈರಸ್ ಎಂಬ ನೀರುತಿಗಣೆಯಲ್ಲಿ ಬಿಡಿಸಿದರು. ಅದರ ಮೈಯ ಒಂದು ಚದರ ಮಿಲಿಮೀಟರ್ ಜಾಗದಲ್ಲಿ 20 ಲಕ್ಷಕ್ಕೂ ಹೆಚ್ಚು ರೋಮಗಳಿದ್ದವು.

ಈ ಏರ್ಪಾಡಿಗೆ ಒಂದು ಷರತ್ತಿದೆ: ನೀರಿನಲ್ಲಿ ಆಮ್ಲಜನಕ ಹೇರಳವಾಗಿರಬೇಕು. ಕಡಿಮೆಯಾದರೆ ಅನಿಲದ ಹರಿವು ತಿರುವುಮುರುವಾಗಿ, ಕೀಟದ ಬಳಿಯಿದ್ದ ಆಮ್ಲಜನಕವೇ ನೀರಿಗೆ ಸೋರುತ್ತದೆ. ಜಲಪಾತದಲ್ಲಿ ನೀರು ಬಂಡೆಗೆ ಅಪ್ಪಳಿಸಿ ಗಾಳಿಯೊಡನೆ ಬೆರೆಯುತ್ತದೆ. ತಂಪು ನೀರು ಹೆಚ್ಚು ಅನಿಲವನ್ನು ಹಿಡಿದಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಾತ್ರ.

ಎಲ್ಮಿಡೇ ಮರಿಹುಳುಗಳೂ ನೀರಿನಲ್ಲೇ ಬೆಳೆಯುತ್ತವೆ. ಅವುಗಳ ಹೊಟ್ಟೆಯ ತುದಿಯಲ್ಲಿ ಕಿವಿರುಗಳಿರುತ್ತವೆ. ಕೋಶಾವಸ್ಥೆಗೆ ಮಾತ್ರ ದಡದ ಒದ್ದೆ ಮಣ್ಣು ಸೇರುತ್ತವೆ.

ಸಾಬೂನು, ಡಿಟರ್ಜೆಂಟ್‌ಗಳು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತವೆ. ಆಗ ರೋಮಗಳು ನೆನೆದು ಗಾಳಿಪದರ ಒಡೆಯುತ್ತದೆ. ಹೂಳು ತುಂಬಿದರೆ ಕಲ್ಲಿನ ಸಂದುಗಳೇ ಮುಚ್ಚಿಹೋಗುತ್ತವೆ. ಆದ್ದರಿಂದಲೇ ತೊರೆಗಳ ಆರೋಗ್ಯ ಅಳೆಯುವವರು ಈ ಕುಟುಂಬದ ಕೀಟಗಳನ್ನು ಶುದ್ಧ ನೀರಿನ ಸೂಚಕಗಳ ಸಾಲಿಗೆ ಸೇರಿಸುತ್ತಾರೆ.