ಮೊಂತಿ ಹಬ್ಬದ ದಿನ ಮರ ಅಪ್ಪಿದವರು



ಸೆಪ್ಟೆಂಬರ್ 8 ಎಂದರೆ ನಮಗೆ ಮಾತೆ ಮರಿಯಮ್ಮನವರ ಜನ್ಮದಿನ. ಮಕ್ಕಳು ಹೂವು ಅರ್ಪಿಸುತ್ತಾರೆ, ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತೇವೆ. 1983ರಲ್ಲಿ ಅದೇ ದಿನ ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಹಳ್ಳಿಗರು, ಹೆಂಗಸರು ಮಕ್ಕಳೆನ್ನದೆ ಕಾಡಿಗೆ ನಡೆದು, ಕೊಡಲಿಗೆ ಸಿಕ್ಕಲಿದ್ದ ಮರಗಳನ್ನು ಅಪ್ಪಿ ನಿಂತರು. ನಮ್ಮ ಹಬ್ಬ ನೆನೆದು ಹೋದವರಲ್ಲ ಅವರು. ಆದರೂ ಈ ದಿನ ಅವರನ್ನು ನೆನೆಯುವುದು ನಮಗೆ ಸಲ್ಲುತ್ತದೆ. ಹಿಮಾಲಯದ ಚಿಪ್ಕೊ ಚಳವಳಿಯಿಂದ ಸ್ಫೂರ್ತಿ ಪಡೆದ ಇದಕ್ಕೆ ಅಪ್ಪಿಕೋ ಎಂದು ಹೆಸರಾಯಿತು. ಪಾಂಡುರಂಗ ಹೆಗಡೆಯವರು ಮುಂದಾಳು. 38 ದಿನ ಕಾಡಿನಲ್ಲಿ ಪಟ್ಟು ಹಿಡಿದ ಮೇಲೆ ಕಡಿತ ನಿಂತಿತು.

ಅಷ್ಟು ಹಟ ಏಕೆ? ಘಟ್ಟದ ಅಡಿಕೆ ತೋಟ ಬೆಟ್ಟವಿಲ್ಲದೆ ಬದುಕದು. ಸೊಪ್ಪಿನಬೆಟ್ಟದ ಸೊಪ್ಪು, ತರಗೆಲೆ ಕೊಟ್ಟಿಗೆಗೆ ಹಾಸಾಗಿ, ಸಗಣಿಯೊಡನೆ ಗೊಬ್ಬರವಾಗಿ ತೋಟ ಸೇರುತ್ತದೆ. ಬೆಟ್ಟ ಬೋಳಾದರೆ ಮಳೆನೀರು ಇಂಗುವುದಿಲ್ಲ, ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ. ಆದ್ದರಿಂದಲೇ ಅವರ ಘೋಷಣೆ ‘ಉಳಿಸು, ಬೆಳೆಸು, ಬಳಸು’ ಎಂದಾಯಿತು. ಮೂರನೆಯ ಪದವನ್ನು ಗಮನಿಸಿರಿ. ಕಾಡಿಗೆ ಬೇಲಿ ಹಾಕಿ ಜನರನ್ನು ಹೊರಗಿಡಿರೆಂದು ಅವರು ಕೇಳಲಿಲ್ಲ.

2011ರಲ್ಲಿ ಅಘನಾಶಿನಿ ಕಣಿವೆಯನ್ನೂ ಯಲ್ಲಾಪುರ ಕಡೆಯ ಬೇಡ್ತಿ ತೀರವನ್ನೂ ಸಂರಕ್ಷಣಾ ಮೀಸಲು ಎಂದು ಸಾರಿದಾಗ ಇದೇ ವಿಚಾರ ಕಾನೂನಿನ ರೂಪದಲ್ಲಿ ಬಂತು. ವನ್ಯಜೀವಿ ಕಾಯಿದೆಗೆ 2002ರಲ್ಲಾದ ತಿದ್ದುಪಡಿಯಂತೆ, ಸ್ಥಳೀಯರೊಡನೆ ಸಮಾಲೋಚಿಸಿಯೇ ಇಂಥ ಮೀಸಲನ್ನು ಘೋಷಿಸಬೇಕು. ಸಲಹಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಇರಬೇಕು. ಅಭಯಾರಣ್ಯದ ಕಟ್ಟುಪಾಡು ಇದಕ್ಕಿಂತ ಬಿಗಿ. 2019ರಲ್ಲಿ ಅಘನಾಶಿನಿಯ ಕಾಡು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಅಂಚಿನ ಹಳ್ಳಿಯವರಿಗೆ ಆತಂಕವಾಗುವುದು ಸಹಜ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ನಮಗೆ ಸರಿ ಕಾಣದು.

ಆದರೆ ನಮ್ಮ ಕಡೆಯ ತಪ್ಪನ್ನೂ ಒಪ್ಪಬೇಕು. ಉಪ್ಪಾಗೆಯನ್ನೇ ನೋಡಿರಿ. ಸಿಪ್ಪೆಗೆ ಬೆಲೆ ಬಂದಾಗ, ‘ನಾವು ಬಿಟ್ಟರೆ ಇನ್ನೊಬ್ಬ ಒಯ್ದಾನು’ ಎಂದು ಕಾಯಿ ಹಣ್ಣಾಗುವ ಮೊದಲೇ ಕೊಯ್ಯುತ್ತಾರೆ, ಕೊಂಬೆಯನ್ನೇ ಕಡಿಯುತ್ತಾರೆ. ಹಣ್ಣಾಗುವುದು ಮಳೆಗಾಲದಲ್ಲಿ, ಒಣಗಿಸಲು ಒಲೆಯೇ ಬೇಕು, ಅದಕ್ಕೆ ಮತ್ತೆ ಕಾಡಿನ ಸೌದೆ. ಸಿದ್ದಾಪುರದ ಕತ್ತಲೆಕಾನಿನಂಥ ಕಾಡುಗಳಲ್ಲಿ ಮರದಿಂದ ಮರಕ್ಕೆ ಹಾರಿ ಬದುಕುವ ಸಿಂಗಳೀಕಕ್ಕೆ ಹಣ್ಣೇ ಮುಖ್ಯ ಆಹಾರ. ಬೀಜ ಉಳಿಯದಿದ್ದರೆ ನಾಳೆ ಉಪ್ಪಾಗೆಯ ಮರವೂ ಇಲ್ಲ.

ಒಬ್ಬೊಬ್ಬರೇ ಸಂಯಮ ತೋರಿದರೆ ಇದು ನಿಲ್ಲದು, ಏಕೆಂದರೆ ಬಿಟ್ಟವನಿಗೇ ನಷ್ಟ. ಊರೆಲ್ಲ ಕೂಡಿ ಕೊಯ್ಲಿನ ದಿನ ಗೊತ್ತುಮಾಡಿ, ಮರಕ್ಕಿಷ್ಟೆಂದು ಹಣ್ಣು ಬಿಟ್ಟರೆ ಮಾತ್ರ ನಡೆದೀತು. ಮುಂದಿನ ಮಳೆಗಾಲಕ್ಕೆ ಮುನ್ನ ಗ್ರಾಮ ಅರಣ್ಯ ಸಮಿತಿಯ ಸಭೆ ಕರೆದಾಗ ನಮ್ಮ ಮನೆಗಳಿಂದಲೂ, ವಿಶೇಷವಾಗಿ ಕಾಡಿಗೆ ಹೋಗುವ ತಾಯಂದಿರು, ಹೋಗಿ ಕೂರಲಿ.