ಕೀಮೋ ಸುಸ್ತಿಗೆ ಬರೀ ಮಲಗೋದೇ ಔಷಧಿ ಅಲ್ಲ

ಕಡೇಚೂರಿನಿಂದ ಮಾತಾಡ್ತಿದ್ದೀನಿ. ಮನ್ಯಾಗ ಯಾರಾದ್ರೂ ಕ್ಯಾನ್ಸರ್ ಚಿಕಿತ್ಸೆ ತಗೋತಿದ್ರೆ ಈ ಎಪಿಸೋಡ್ ನಿಮಗೆ. ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ತಜ್ಞರ ಮಾರ್ಗಸೂಚಿಗಳಲ್ಲಿ ಇರೋದನ್ನಷ್ಟೇ ಹೇಳ್ತೀನಿ.

ಹೊಲದ ಕೆಲಸದ ಸುಸ್ತು ಒಂದು ರಾತ್ರಿ ನಿದ್ದೆಗೆ ಹೋಗುತ್ತೆ. ಕೀಮೋ, ರೇಡಿಯೇಷನ್ ಸುಸ್ತು ಹಂಗಲ್ಲ, ಎಷ್ಟು ಮಲಗಿದ್ರೂ ಉಳಿಯುತ್ತೆ. ರಕ್ತ ಕಡಿಮೆ ಆಗೋದು, ಊಟ ಸೇರದಿರೋದು, ನಿದ್ದೆಗೇಡು, ಚಿಂತೆ ಎಲ್ಲಾ ಸೇರಿಕೊಳ್ಳುತ್ತೆ. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ. ಅದಕ್ಕೇ ಸುಸ್ತನ್ನು ಮೊದಲು ಡಾಕ್ಟರಿಗೆ ಹೇಳಿ.

ನಾವೇನ್ ಮಾಡ್ತೀವಿ? "ಅವ್ವಾ, ನೀ ಮಲಕೋ, ಕೆಲಸ ನಾವು ನೋಡ್ತೀವಿ" ಅಂತೀವಿ. ಪ್ರೀತಿಯಿಂದಲೇ ಹೇಳ್ತೀವಿ. ಆದ್ರೆ ದಿನವಿಡೀ ಮಲಗಿದ್ರೆ ಸ್ನಾಯು ಕರಗುತ್ತೆ. ಆಮೇಲೆ ಬಚ್ಚಲಿಗೆ ಹೋಗಿ ಬಂದ್ರೂ ಏದುಸಿರು. ಮತ್ತೆ ಮಲಗೋದು, ಮತ್ತಷ್ಟು ಸುಸ್ತು. ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಓಡಿಸದೆ ನಿಲ್ಲಿಸಿದ ಗಾಡಿಗೂ ಸವಕಳಿ ತಪ್ಪಲ್ಲ.

2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಕೊಟ್ಟ ಸಲಹೆ: ವಾರಕ್ಕೆ 3 ಸಲ, 30 ನಿಮಿಷದಷ್ಟು ನಡಿಗೆಯಂಥ ವ್ಯಾಯಾಮ ಸುಸ್ತು ಕಡಿಮೆ ಮಾಡುತ್ತೆ. 2022ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೂ ಚಿಕಿತ್ಸೆ ನಡೀತಿರುವಾಗಲೇ ವ್ಯಾಯಾಮ ಮಾಡಿ ಅಂತ ಹೇಳ್ತು.

30 ನಿಮಿಷ ಮೊದಲ ದಿನಕ್ಕಲ್ಲ. ಅಂಗಳದಲ್ಲಿ 5 ನಿಮಿಷದಿಂದ ಶುರು ಮಾಡಿ. ನಡೀತಾ ಮಾತಾಡೋಕೆ ಆಗ್ಬೇಕು, ಅಷ್ಟೇ ವೇಗ ಸಾಕು. ಕುರ್ಚಿಯಿಂದ ನಾಲ್ಕೈದು ಸಲ ಎದ್ದು ಕೂತ್ರೂ ಕಾಲಿಗೆ ಬಲ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಹೊತ್ತು ಏರೋ ಮುಂಚೆ ಮುಗಿಸಿ. ಕಲಬುರಗಿ ಕಿದ್ವಾಯಿಗೆ ಹೋಗಿ ಬರೋ ದಿನ ಪ್ರಯಾಣಕ್ಕೇ ಶಕ್ತಿ ಖರ್ಚಾಗುತ್ತೆ, ಅವತ್ತು ವಿಶ್ರಾಂತಿ ಇರಲಿ.

ಜ್ವರ, ತಲೆಸುತ್ತು, ಎದೆನೋವು, ಉಸಿರಾಟದ ತೊಂದರೆ, ರಕ್ತಸ್ರಾವ ಇದ್ರೆ ವ್ಯಾಯಾಮ ಬೇಡ, ತಕ್ಷಣ ಆಸ್ಪತ್ರೆಗೆ ತಿಳಿಸಿ. ಕ್ಯಾನ್ಸರ್ ಮೂಳೆಗೆ ಹರಡಿದ್ರೆ, ರಕ್ತ ಅಥವಾ ಪ್ಲೇಟ್‌ಲೆಟ್ ತುಂಬಾ ಕಡಿಮೆ ಇದ್ರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: "ಸರ್, ಇವರು ದಿನಾ ಎಷ್ಟು ನಡೀಬಹುದು?" ಉತ್ತರ ಸಿಕ್ಕಮೇಲೆ ಅವರ ಜೊತೆ ನೀವೂ ನಡೀರಿ. ಮತ್ತೆ ಸಿಗೋಣ್ರೀ.