ಶಕ್ತಿಯ ಲೆಕ್ಕದಲ್ಲಿ ಕುಂದಾಪುರದ ಪಾಲೆಷ್ಟು?

ಸಾವಿರ ಗಂಡಸರಿಗೆ 1,094 ಹೆಂಗಸರು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಲಿಂಗಾನುಪಾತ ಇದು. ರಾಜ್ಯದ ಸರಾಸರಿ 973. ಉಡುಪಿಯದು ಕರ್ನಾಟಕದಲ್ಲೇ ಅತಿ ಹೆಚ್ಚು. ಹಾಗಿದ್ದೂ ಹೆಂಗಸರಿಗೆಂದೇ ಬಂದ ಉಚಿತ ಬಸ್ ಪ್ರಯಾಣ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಒಳ ಊರುಗಳಿಗೆ ಸರಿಯಾಗಿ ದಕ್ಕಿಲ್ಲ. ಈ ಪ್ರಯಾಣ ಕೊಡುವ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗಷ್ಟೇ ಅನ್ವಯ. ಕರಾವಳಿಯಲ್ಲಿ ಖಾಸಗಿ ಬಸ್ಸುಗಳದ್ದೇ ಮೇಲುಗೈ.

ರಾಜ್ಯದ ಲೆಕ್ಕ

ಶಕ್ತಿ ಶುರುವಾದದ್ದು 2023ರ ಜೂನ್ 11ರಂದು. 2025ರ ಜುಲೈ ಮಧ್ಯದ ಹೊತ್ತಿಗೆ ಹೆಂಗಸರಿಗೆ ಕೊಟ್ಟ ಶೂನ್ಯ ದರದ ಟಿಕೆಟ್‌ಗಳು 500 ಕೋಟಿ ದಾಟಿದವು. ಅವುಗಳ ಮೌಲ್ಯ 12,600 ಕೋಟಿ ರೂಪಾಯಿಗೂ ಹೆಚ್ಚು; ಅಂದರೆ ಟಿಕೆಟ್ ಒಂದಕ್ಕೆ ಸುಮಾರು 25 ರೂಪಾಯಿ. 2025-26ರ ಬಜೆಟ್‌ನಲ್ಲಿ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೆ ಇಟ್ಟದ್ದು 51,034 ಕೋಟಿ. ಅದರಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಗೆ 28,608 ಕೋಟಿ, ಶಕ್ತಿಗೆ 5,300 ಕೋಟಿ.

ಜಿಲ್ಲೆಯ ಪಾಲು

2011ರ ಗಣತಿಯಲ್ಲಿ ರಾಜ್ಯದ ಮಹಿಳೆಯರು 3.01 ಕೋಟಿ, ಉಡುಪಿ ಜಿಲ್ಲೆಯವರು 6.15 ಲಕ್ಷ. ಶೇ 2ರಷ್ಟು. ಆ ಪ್ರಮಾಣದಲ್ಲೇ ಹಂಚಿದರೆ 500 ಕೋಟಿ ಟಿಕೆಟ್‌ನಲ್ಲಿ 10 ಕೋಟಿ ಉಡುಪಿಗೆ ಸೇರಬೇಕು. ವರ್ಷದ 5,300 ಕೋಟಿಯಲ್ಲಿ ಜಿಲ್ಲೆಯ ಹೆಂಗಸರಿಗೆ ಸಲ್ಲಬೇಕಾದದ್ದು 106 ಕೋಟಿ ರೂಪಾಯಿ. ಸರ್ಕಾರಿ ಬಸ್ಸೇ ಬಾರದ ಊರಿಗೆ ಈ ಪಾಲು ಬರುವ ದಾರಿಯಿಲ್ಲ.

ಮನೆಯ ಲೆಕ್ಕ

ಅಮಾಸೆಬೈಲು, ಸಿದ್ದಾಪುರ, ವಂಡ್ಸೆ ಕಡೆಯಿಂದ ಕುಂದಾಪುರದ ಬಟ್ಟೆ ಅಂಗಡಿಗೆ ಒಬ್ಬಳು ಹುಡುಗಿ ದಿನಾ ಕೆಲಸಕ್ಕೆ ಬರುತ್ತಾಳೆ ಎಂದಿಟ್ಟುಕೊಳ್ಳಿ. ಖಾಸಗಿ ಬಸ್ಸಿಗೆ ಒಂದು ಬದಿಗೆ 30 ರೂಪಾಯಿ ಹಿಡಿದರೆ ಹೋಗಿ ಬರಲು 60. ತಿಂಗಳಿಗೆ 25 ದಿನಕ್ಕೆ 1,500. ತಾಯಿಯ ಖಾತೆಗೆ ಬರುವ ಗೃಹಲಕ್ಷ್ಮಿಯ 2,000ದಲ್ಲಿ ಮುಕ್ಕಾಲು ಪಾಲು ಮಗಳ ಬಸ್ಸಿಗೇ ಹೋಯಿತು. ವರ್ಷಕ್ಕೆ ಬಂದ 24,000ದಲ್ಲಿ ಉಳಿದದ್ದು 6,000. ಮನೆಯಿಂದ ಇಬ್ಬರು ಹೊರಟರೆ ತಿಂಗಳ ಬಸ್ ಖರ್ಚು 3,000. ಗೃಹಲಕ್ಷ್ಮಿಯ ಹಣವೂ ಸಾಲದು. ಸರ್ಕಾರಿ ಬಸ್ಸು ಮನೆ ಬಾಗಿಲಿಗೆ ಬರುವ ಊರಿನಲ್ಲಿ ಇದೇ ಕುಟುಂಬಕ್ಕೆ 24,000 ಪೂರ್ತಿ ಉಳಿಯುತ್ತದೆ.

ಇನ್ನೊಂದು ಅಳತೆ ನೋಡಿ. 2025-26ಕ್ಕೆ ರಾಜ್ಯದಲ್ಲಿ ನಿಗದಿಯಾದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ. ಅಷ್ಟೇ ದುಡಿಯುವವಳು 60 ರೂಪಾಯಿಯನ್ನು ಬಸ್ಸಿಗೆ ಕೊಟ್ಟರೆ ಕೂಲಿಯ ಆರನೇ ಒಂದು ಪಾಲು ದಾರಿಯಲ್ಲೇ ಕರಗುತ್ತದೆ. ಗೇರುಬೀಜದ ಕಾರ್ಖಾನೆಯ ಕೆಲಸ, ಕಾಲೇಜು, ಆಸ್ಪತ್ರೆ, ತಾಲ್ಲೂಕು ಕಚೇರಿ ಎಲ್ಲಕ್ಕೂ ಹೆಣ್ಣುಮಕ್ಕಳು ಹೊರಡಬೇಕಾದದ್ದು ಬಸ್ಸಿನಲ್ಲೇ. ಬಸ್ಸಿನ ಖರ್ಚಿಗೆ ಹೆದರಿ ಬಿಟ್ಟ ಕೆಲಸ, ಮುಂದೂಡಿದ ತಪಾಸಣೆ ಯಾವ ಬಜೆಟ್ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಆಗಬೇಕಾದದ್ದು

ಖಾಸಗಿ ಬಸ್ಸಿನವರನ್ನು ದೂರಿ ಫಲವಿಲ್ಲ. ಸರ್ಕಾರಿ ಬಸ್ಸು ಬಾರದ ಎಷ್ಟೋ ಊರುಗಳನ್ನು ಪೇಟೆಗೆ ಜೋಡಿಸಿದವರೇ ಅವರು. ದಾರಿ ಎರಡಿವೆ. ಕೊಲ್ಲೂರು, ಶಂಕರನಾರಾಯಣ, ಗಂಗೊಳ್ಳಿ, ಬಾರ್ಕೂರು, ಕೊಕ್ಕರ್ಣೆಯಂಥ ಮಾರ್ಗಗಳಲ್ಲಿ ಬೆಳಿಗ್ಗೆ, ಸಂಜೆ ಸಾಕಷ್ಟು ಸರ್ಕಾರಿ ಬಸ್ಸು ಓಡಿಸುವುದು ಒಂದು. ಅದಾಗದ ಕಡೆ ಖಾಸಗಿ ಬಸ್ಸಿನಲ್ಲೂ ಶೂನ್ಯ ಟಿಕೆಟ್ ಕೊಟ್ಟು, ಸರ್ಕಾರವೇ ಆ ಹಣ ತುಂಬುವುದು ಇನ್ನೊಂದು. ಜಿಲ್ಲೆಯ ಹಕ್ಕಿನ 106 ಕೋಟಿ ಎದುರಿಗಿಟ್ಟುಕೊಂಡೇ ಈ ಲೆಕ್ಕ ಹಾಕಬಹುದು. ತಾಲ್ಲೂಕುವಾರು ಎಷ್ಟು ಶೂನ್ಯ ಟಿಕೆಟ್ ಕೊಡಲಾಯಿತು ಎಂಬ ಪಟ್ಟಿಯನ್ನೂ ಸಾರಿಗೆ ಇಲಾಖೆ ಪ್ರತಿ ತಿಂಗಳು ಪ್ರಕಟಿಸಲಿ.

ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಮಹಿಳಾ ಗ್ರಾಮಸಭೆ ನಡೆಸುವ ಪದ್ಧತಿಯೂ ಇದೆ. ಮುಂದಿನ ಸಭೆಯಲ್ಲಿ ನಿಮ್ಮ ಊರಿಗೆ ಯಾವ ಮಾರ್ಗದಲ್ಲಿ, ಎಷ್ಟು ಗಂಟೆಗೆ ಬಸ್ಸು ಬೇಕು ಎಂದು ಬರೆದು ನಿರ್ಣಯ ಮಾಡಿ, ಶಾಸಕರಿಗೂ ಸಾರಿಗೆ ಇಲಾಖೆಗೂ ಕಳಿಸಿ.